ಅಪ್‌ಡೇಟ್: ಮಗಳ ಉದ್ದ ಮತ್ತೆ ಅಳೆಸಿಕೊಂಡು ಬಂದೆವು

18 ತಿಂಗಳ ಮಗಳು 74 ಸೆಂ.ಮೀ. ಅಷ್ಟೇ ಇದ್ದಾಳೆ, ಬೆಳವಣಿಗೆ ಕುಂಠಿತ ಆಗಿದೆಯಾ ಅಂತ ಹೋದ ವಾರ ಕೇಳಿದ್ದೆನಲ್ಲ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

"ನಿಲ್ಲಿಸಿ ಅಳೆಯಬೇಡಿ" ಅಂದವರ ಮಾತೇ ನಿಜವಾಯಿತು. ನಾನೂ ಅತ್ತೆಯೂ ಮನೆಯಲ್ಲಿ ಗೋಡೆಗೆ ನಿಲ್ಲಿಸಿ ಪೆನ್ಸಿಲ್ ಗುರುತು ಹಾಕಿದ್ದೆವು. 2 ವರ್ಷದೊಳಗಿನ ಮಕ್ಕಳನ್ನು ಮಲಗಿಸಿಯೇ ಅಳೆಯಬೇಕು.

ಸೋಮವಾರ ಗುಬ್ಬಿ ಹತ್ತಿರದ ನಮ್ಮೂರ ಅಂಗನವಾಡಿಗೆ ಹೋದೆವು. ಟೀಚರ್ ಮೊದಲು ಸ್ವೆಟರ್, ಕಾಲಿನ ಬೆಳ್ಳಿ ಕಡಗ ಎಲ್ಲ ಬಿಚ್ಚಿಸಿದರು. ಅಳತೆ ಹಲಗೆ ಮೇಲೆ ಮಲಗಿಸಿ, ತಲೆ ಹಲಗೆಗೆ ತಾಗುವಂತೆ ನಾನು ಹಿಡಿದುಕೊಂಡೆ. ಅವರು ಮಂಡಿ ಮೆಲ್ಲಗೆ ಒತ್ತಿ, ಪಾದ ನೆಟ್ಟಗೆ ಮಾಡಿ ನೋಡಿದರು. ಪಾಪ, ಒಂದೇ ಸಮ ಅತ್ತಳು. ಎರಡು ಸಲ ಅಳೆದರೂ 76.5!

ವಿಶ್ವ ಆರೋಗ್ಯ ಸಂಸ್ಥೆಯ 2006ರ ಚಾರ್ಟ್‌ನಲ್ಲಿ ಈ ವಯಸ್ಸಿನ ಹೆಣ್ಣುಮಗುವಿಗೆ 74.9ಕ್ಕಿಂತ ಕಡಿಮೆ ಇದ್ದರೆ ಕುಂಠಿತ ಅಂತ ಲೆಕ್ಕ. ತೂಕ 8.6 ಕೆ.ಜಿ. ತೋಳಿನ ಸುತ್ತಳತೆ 13.2 ಸೆಂ.ಮೀ., ಟೇಪ್‌ನಲ್ಲಿ ಹಸಿರು ಬಣ್ಣ, ಅಂದರೆ ಸರಿಯಾಗಿದೆ ಅಂತ. ಅತ್ತೆ ಅಲ್ಲೇ ಕಣ್ಣೊರೆಸಿಕೊಂಡರು.

ಸರಾಸರಿಗಿಂತ ಕಡಿಮೆಯೇ ಇದೆ, ಸುಮ್ನೆ ಕೂರುವ ಹಾಗಿಲ್ಲ. ಒಂದು ದಿನದ ಅಳತೆಗಿಂತ ತಿಂಗಳು ತಿಂಗಳು ಚಾರ್ಟ್‌ನಲ್ಲಿ ಅವಳ ಗೆರೆ ಮೇಲಕ್ಕೆ ಹೋಗುತ್ತಿದೆಯಾ ಅನ್ನೋದೇ ಮುಖ್ಯ ಅಂದರು ಟೀಚರ್. ರಾಗಿ ಸರಿಗೆ ತುಪ್ಪ ಹಾಕುತ್ತಿದ್ದೇನೆ, ಮೊಟ್ಟೆಯೂ ಶುರು ಮಾಡಿದ್ದೇನೆ. ಮುಂದಿನ ತಿಂಗಳ ತೂಕ ಇಲ್ಲೇ ಹಾಕುತ್ತೇನೆ.