ರಿವರ್ಸ್ ಹಿಡಿಯುತ್ತಿಲ್ಲ, ನ್ಯೂಟ್ರಲ್‌ನಲ್ಲೂ ದೋಣಿ ಮುಂದೆ ಹೋಗುತ್ತದೆ. ಗೇರ್‌ಬಾಕ್ಸ್ ಬಿಚ್ಚಲೇಬೇಕಾ?

ಕೋಡಿಬಾಗದವ

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರವಾರದ ಕೋಡಿಬಾಗ. 20 ಅಡಿಯ ಫೈಬರ್ ದೋಣಿ, ಹಿಂದೆ 25 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್. ಮೊದಲು ಅದು ಪ್ರವಾಸಿಗರ ದೋಣಿಯಾಗಿತ್ತು, ಹಾಗಾಗಿ ಸ್ಟೇರಿಂಗ್ ಇದೆ, ಪಕ್ಕದಲ್ಲಿ ರಿಮೋಟ್ ಹಿಡಿಕೆ ಇದೆ. ಈಗ ಅಪ್ಪ ಮತ್ತು ನಾನು ಬಲೆಗೆ ಹೋಗುತ್ತೇವೆ.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇತ್ತಲ್ಲ, ಆಗ ದೋಣಿ ಮೇಲೆ ಎಳೆದು ಇಟ್ಟಿದ್ದೆವು. ಆಗಸ್ಟ್‌ನಲ್ಲಿ ಇಳಿಸಿದ ಮೊದಲ ವಾರ ಏನೂ ಗೊತ್ತಾಗಲಿಲ್ಲ. ಆಮೇಲೆ ಶುರುವಾಯಿತು. ಹಿಡಿಕೆ ನ್ಯೂಟ್ರಲ್‌ನಲ್ಲಿ ಇದ್ದರೂ ದೋಣಿ ಮೆಲ್ಲಗೆ ಮುಂದೆ ಜಾರುತ್ತದೆ. ರಿವರ್ಸ್ ಹಾಕಿದರೆ ಒಮ್ಮೆ ಹಿಡಿಯುತ್ತದೆ, ಒಮ್ಮೆ ಕಟಕಟ ಅಂತ ಸದ್ದು ಮಾಡಿ ಬಿಟ್ಟುಬಿಡುತ್ತದೆ. ಮುಂದಿನ ಗೇರ್ ಮಾತ್ರ ಚೆನ್ನಾಗಿಯೇ ಇದೆ, ಪೂರ್ತಿ ಎಕ್ಸಲೇಟರ್ ಕೊಟ್ಟರೂ ಜಾರುವುದಿಲ್ಲ.

ಮೊನ್ನೆ ಶೆಟ್ಲಿ (ಸಿಗಡಿ) ಬಲೆ ಎಳೆದುಕೊಂಡು ಬರುವಾಗ ಉಬ್ಬರದ ನೀರು ಕಾಳಿ ನದಿಯೊಳಗೆ ಜೋರಾಗಿ ಏರುತ್ತಿತ್ತು. 2024ರಲ್ಲಿ ಹಳೆ ಸೇತುವೆ ಬಿದ್ದ ಮೇಲೆ ಆ ಜಾಗದಿಂದ ದೂರ ಇಟ್ಟುಕೊಂಡೇ ಬರುವುದು ನಮಗೆ ರೂಢಿ. ಅದನ್ನು ದಾಟಿ ದಡದ ಹತ್ತಿರ ಬಂದು ರಿವರ್ಸ್ ಹಾಕಿದೆ, ಹಿಡಿಯಲೇ ಇಲ್ಲ. ಅಪ್ಪ ಮುಂದೆ ನಿಂತು ಜಲ್ಲೆ ಕೊಟ್ಟು ತಡೆದರು, ಇಲ್ಲದಿದ್ದರೆ ಕಲ್ಲಿನ ಗೋಡೆಗೇ ಬಡಿಯುತ್ತಿತ್ತು. ಆದರೂ ಮೂಗಿನ ಹತ್ತಿರ ಅಂಗೈಯಷ್ಟು ಫೈಬರ್ ಎದ್ದುಹೋಗಿದೆ. ಅಪ್ಪನ ಕೈ ಉಳುಕಿದೆ.

ಇಲ್ಲಿ ಒಬ್ಬರಿಗೆ ತೋರಿಸಿದೆ. ಗೇರ್‌ಬಾಕ್ಸ್ ಹೋಗಿದೆ, ಪೂರ್ತಿ ಸೆಟ್ ಹಾಕಬೇಕು ಎಂದರು. ಸೀಸನ್ ಈಗಷ್ಟೇ ಶುರುವಾಗಿದೆ, ಅಷ್ಟು ದುಡ್ಡು ಕೈಯಲ್ಲಿ ಇಲ್ಲ. ಬಿಚ್ಚುವ ಮೊದಲು ನಾನೇ ನೋಡಬಹುದಾದ್ದು ಏನಾದರೂ ಇದೆಯಾ?

ಶರಾವತಿ ಅಳಿವೆ

ಅಪ್ಪನ ಕೈ ಮೊದಲು ಯಾರಿಗಾದರೂ ತೋರಿಸಿ.

ನನ್ನದು ಹೊನ್ನಾವರ, ಕಾಸರಕೋಡು ಕಡೆ. ಎರಡು ವರ್ಷದ ಹಿಂದೆ ನನಗೂ ಗೇರ್ ಜಾರುತ್ತಿದೆ ಅಂತಲೇ ಅನ್ನಿಸಿತ್ತು. ನೋಡಿದರೆ ಗೇರ್ ಅಲ್ಲ, ಫ್ಯಾನಿನ (ನೀರಿನೊಳಗೆ ತಿರುಗುವ ಪ್ರೊಪೆಲ್ಲರಿನ) ಹಬ್. ಫ್ಯಾನಿನ ನಡುವೆ ಒಂದು ರಬ್ಬರ್ ಇರುತ್ತದೆ, ಕಲ್ಲಿಗೋ ಮರದ ದಿಮ್ಮಿಗೋ ಬಡಿದಾಗ ಗೇರ್ ಉಳಿಯಲಿ ಅಂತ ಹಾಕಿರುವುದು. ಅದು ಬಿಟ್ಟುಕೊಂಡರೆ ಒಳಗಿನ ಹಿತ್ತಾಳೆ ಬುಷ್ ಮಾತ್ರ ತಿರುಗುತ್ತದೆ, ಹೊರಗಿನ ರೆಕ್ಕೆ ತಿರುಗುವುದಿಲ್ಲ. ಇಂಜಿನ್ ಕೂಗುತ್ತದೆ, ದೋಣಿ ನಿಂತಲ್ಲೇ ಇರುತ್ತದೆ.

ನೋಡುವುದು ಸುಲಭ. ಫ್ಯಾನಿನ ಹಿಂಭಾಗದಲ್ಲಿ ಬುಷ್‌ನಿಂದ ರಬ್ಬರ್ ದಾಟಿ ರೆಕ್ಕೆಯ ಕಡೆಗೆ ಬಣ್ಣದಲ್ಲಿ ಒಂದು ನೇರ ಗೆರೆ ಎಳೆಯಿರಿ. ಒಣಗಲಿ. ದೋಣಿ ಓಡಿಸಿ ಬಂದು ನೋಡಿ. ಗೆರೆ ಮುರಿದು ಎರಡು ಕಡೆ ಆಗಿದ್ದರೆ ಹಬ್ ಹೋಗಿದೆ ಎಂದೇ ಲೆಕ್ಕ. ಗೇರ್‌ಬಾಕ್ಸ್ ಮುಟ್ಟಬೇಕಾಗಿಯೇ ಇಲ್ಲ.

ಚಿಕ್ಕ ಇಂಜಿನ್‌ಗಳಲ್ಲಿ ಕೆಲವಕ್ಕೆ ರಬ್ಬರ್ ಬದಲು ಪಿನ್ ಇರುತ್ತದೆ, ಅದು ತುಂಡಾಗುತ್ತದೆ. 25ಕ್ಕೆ ಹಬ್ ಇರಬೇಕು.

ಶಿರಸಿ ಬೈಕ್ ಮೇಸ್ತ್ರಿ

ನಾನು ದೋಣಿಯವನಲ್ಲ, ಶಿರಸಿಯಲ್ಲಿ ಬೈಕ್ ಕೆಲಸ ಮಾಡುತ್ತೇನೆ. ಅಳಿಯನ ಮನೆ ಬೇಲೆಕೇರಿಯಲ್ಲಿ, ಅವರ ಇಂಜಿನ್ ಒಂದೆರಡು ಸಲ ಬಿಚ್ಚಿದ್ದೇನೆ. ಕಟಕಟ ಸದ್ದು ಮಾಡಿ ಗೇರ್ ಬಿಡುತ್ತದೆ ಅಂದರೆ ಡಾಗ್‌ನ (ಗೇರಿಗೆ ಸಿಕ್ಕಿಕೊಳ್ಳುವ ಹಲ್ಲಿನ ತುಂಡು) ಮೂಲೆ ಸವೆದಿದೆ. ಬೈಕಿನಲ್ಲೂ ಅದೇ ಕತೆ. ಸವೆದ ಡಾಗ್ ತಾನಾಗಿ ಸರಿಯಾಗುವುದಿಲ್ಲ, ಇವತ್ತಲ್ಲ ನಾಳೆ ಬಿಚ್ಚಲೇಬೇಕು. ತಡ ಮಾಡಿದಷ್ಟು ಪಿನಿಯನ್‌ಗೂ (ಗೇರ್‌ಗಳನ್ನು ತಿರುಗಿಸುವ ಚಿಕ್ಕ ಗೇರ್) ಪೆಟ್ಟು.

ತದಡಿ ಮೆಕ್ಯಾನಿಕ್

ಮೇಸ್ತ್ರಿಯವರೇ, ಡಾಗ್ ಸವೆದರೆ ನೀವು ಹೇಳಿದ ಹಾಗೇ ಆಗುತ್ತದೆ, ಒಪ್ಪುತ್ತೇನೆ. ಆದರೆ ಈ ಹುಡುಗ ಇನ್ನೊಂದು ಮಾತು ಹೇಳಿದ್ದಾನೆ, ಅದನ್ನು ಬಿಡಬಾರದು. ನ್ಯೂಟ್ರಲ್‌ನಲ್ಲೂ ದೋಣಿ ಮುಂದೆ ಜಾರುತ್ತದೆ ಅಂದಿದ್ದಾನೆ. ಡಾಗ್ ಬರೀ ಸವೆದಿದ್ದರೆ ನ್ಯೂಟ್ರಲ್ ಯಾಕೆ ಕೆಡಬೇಕು?

ತಮ್ಮಾ, ಒಳಗೆ ಏನಾಗುತ್ತದೆ ಅಂತ ಮೊದಲು ತಿಳಿದುಕೋ, ಆಮೇಲೆ ಹುಡುಕುವುದು ಸುಲಭ. ಇಂಜಿನ್ ನಡೆಯುವಾಗ ಕೆಳಗೆ ಎರಡು ಗೇರ್ ಯಾವಾಗಲೂ ತಿರುಗುತ್ತಲೇ ಇರುತ್ತವೆ, ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಎರಡಕ್ಕೂ ಒಂದೇ ಪಿನಿಯನ್. ಫ್ಯಾನಿನ ಶಾಫ್ಟಿಗೂ ಅವಕ್ಕೂ ಸಂಬಂಧವಿಲ್ಲ. ಅವೆರಡರ ನಡುವೆ ಶಾಫ್ಟಿನ ಮೇಲೆ ಡಾಗ್ ಕ್ಲಚ್ ಕೂತಿರುತ್ತದೆ. ಅದು ಆ ಕಡೆ ಸರಿದರೆ ಮುಂದೆ, ಈ ಕಡೆ ಸರಿದರೆ ಹಿಂದೆ, ಸರಿಯಾಗಿ ನಡುವೆ ನಿಂತರೆ ನ್ಯೂಟ್ರಲ್. ಅಷ್ಟೇ. ಡಾಗ್ ಸರಿಯುವ ದೂರ ತೀರಾ ಕಡಿಮೆ. ನಡುವೆ ನಿಲ್ಲಬೇಕಾದ್ದು ಒಂದೆರಡು ಮಿಲಿಮೀಟರ್ ಮುಂದಿನ ಕಡೆಗೆ ವಾಲಿದ್ದರೆ ಏನಾಗುತ್ತದೆ? ನ್ಯೂಟ್ರಲ್‌ನಲ್ಲಿ ಮುಂದಿನ ಗೇರಿಗೆ ತಾಗುತ್ತದೆ, ಮುಂದಕ್ಕೆ ಹಾಕಿದಾಗ ಗಟ್ಟಿಯಾಗಿ ಕೂರುತ್ತದೆ, ರಿವರ್ಸ್ ಹಾಕಿದಾಗ ಪೂರ್ತಿ ಮುಟ್ಟದೆ ಬರೀ ತುದಿ ಹಿಡಿಯುತ್ತದೆ. ನೀನು ಹೇಳಿದ ಮೂರೂ ಲಕ್ಷಣ ಇದಕ್ಕೆ ಕೂಡುತ್ತವೆ.

ಹಾಗಾಗಿ ನಾನು ಹೇಳುವುದು, ತಪ್ಪು ಗೇರ್‌ಬಾಕ್ಸಿನ ಮೇಲೆ ಎಲ್ಲೋ ಇದೆ. ಹಿಡಿಕೆ, ಕೇಬಲ್, ಇಂಜಿನ್ ಪಕ್ಕದ ಶಿಫ್ಟ್ ಲಿವರ್, ಕೆಳಗಿಳಿಯುವ ರಾಡ್. ಮೇಲಿನಿಂದ ಒಂದೊಂದೇ ನೋಡುತ್ತಾ ಬಾ.

ದೋಣಿ ದಡಕ್ಕೆ ಹಾಕು. ಕೀ ತೆಗೆ, ಕೈಗೋ ಅಂಗಿಗೋ ಸಿಕ್ಕಿಸುವ ಸ್ಟಾಪ್ ದಾರದ ಕ್ಲಿಪ್ ತೆಗೆ, ಎರಡೂ ಪ್ಲಗ್‌ನ ವಯರ್ ಬಿಚ್ಚು. ಇದನ್ನು ಬಿಟ್ಟು ಫ್ಯಾನಿಗೆ ಕೈ ಹಾಕಬೇಡ, ಗೇರಿನಲ್ಲಿ ಇರುವಾಗ ಫ್ಯಾನು ತಿರುಗಿಸಿದರೆ ಇಂಜಿನ್ ಸ್ಟಾರ್ಟ್ ಆಗುವುದು ಇದೆ. ಆಮೇಲೆ ಒಬ್ಬರು ಹಿಡಿಕೆ ಹತ್ತಿರ, ನೀನು ಫ್ಯಾನಿನ ಹತ್ತಿರ. ನ್ಯೂಟ್ರಲ್‌ನಲ್ಲಿ ಫ್ಯಾನು ಎರಡೂ ಕಡೆ ಸದ್ದಿಲ್ಲದೆ ತಿರುಗಬೇಕು. ಮುಂದಿನ ಗೇರಿನಲ್ಲಿ ಒಂದು ಕಡೆ ಗಟ್ಟಿ ಹಿಡಿದು, ಇನ್ನೊಂದು ಕಡೆ ಟಿಕ್ ಟಿಕ್ ಅಂತ ಹಾರುತ್ತಾ ತಿರುಗಬಹುದು, ಅದು ಸಹಜ. ರಿವರ್ಸ್‌ನಲ್ಲಿ ಗಟ್ಟಿಯಾಗಿ ಹಿಡಿಯಬೇಕು. ಗೇರ್ ಬೀಳದಿದ್ದರೆ ಹಿಡಿಕೆಯನ್ನು ಒತ್ತಬೇಡ, ಫ್ಯಾನು ಸ್ವಲ್ಪ ತಿರುಗಿಸಿದರೆ ಹಲ್ಲು ಕೂಡಿಕೊಂಡು ಬೀಳುತ್ತದೆ.

ಇದೇ ಪರೀಕ್ಷೆಯನ್ನು ಇಂಜಿನ್ ಕಡೆಯ ಶಿಫ್ಟ್ ಕೇಬಲ್ ಕಳಚಿ ಇನ್ನೊಂದು ಸಲ ಮಾಡು. ಈ ಸಲ ಇಂಜಿನ್ ಮೇಲಿನ ಲಿವರನ್ನು ಕೈಯಿಂದಲೇ ತಳ್ಳು. ಆಗ ರಿವರ್ಸ್ ಗಟ್ಟಿ ಹಿಡಿದರೆ ತಪ್ಪು ಕೇಬಲ್ಲಿನದು ಅಥವಾ ರಿಮೋಟಿನದು. ಆಗಲೂ ಹಿಡಿಯದಿದ್ದರೆ ತಪ್ಪು ರಾಡಿನಲ್ಲಿ ಅಥವಾ ಅದರ ಕೆಳಗೆ. ಕಳಚಿದ ಕೇಬಲ್ ಹಿಡಿಕೆಯ ಜೊತೆ ಸಲೀಸಾಗಿ ಓಡಾಡುತ್ತದಾ ಅಂತಲೂ ನೋಡು. ಉಪ್ಪು ನೀರಿಗೆ ಒಳತಂತಿ ಹಿಡಿದಿದ್ದರೆ ಕೇಬಲ್ಲೇ ಬದಲಿಸು, ಎಣ್ಣೆ ಬಿಟ್ಟು ಬಿಡಿಸಿದ ಕೇಬಲ್ ಸಮುದ್ರದ ಮಧ್ಯೆ ಕೈ ಕೊಡುತ್ತದೆ.

ಇನ್ನೊಂದು ಪ್ರಶ್ನೆ. ನಿಷೇಧದಲ್ಲಿ ದೋಣಿ ಮೇಲಿದ್ದಾಗ ಇಂಜಿನ್‌ಗೆ ಏನಾದರೂ ಕೆಲಸ ಮಾಡಿಸಿದ್ದೀಯಾ? ಚಿಕ್ಕದಾದರೂ ಹೇಳು.

ಕೋಡಿಬಾಗದವ

ಅಣ್ಣಾ, ಅಪ್ಪನ ಕೈ ಈಗ ಪರವಾಗಿಲ್ಲ, ಪಟ್ಟಿ ಹಾಕಿದ್ದಾರೆ.

ಜುಲೈನಲ್ಲಿ ಇಂಪೆಲ್ಲರ್ (ನೀರಿನ ಪಂಪಿನ ರಬ್ಬರ್ ಚಕ್ರ) ಬದಲಿಸಿದ್ದೆವು. ಇಂಜಿನ್ ತಂಪು ಮಾಡುವ ನೀರು ಸರಿಯಾಗಿ ಹೊರಗೆ ಬರುತ್ತಿರಲಿಲ್ಲ. ಅದಕ್ಕೂ ಗೇರಿಗೂ ಸಂಬಂಧ ಇಲ್ಲ ಅಂದುಕೊಂಡು ಬರೆದಿರಲಿಲ್ಲ.

ನೀವು ಹೇಳಿದ ಹಾಗೆ ಇವತ್ತು ನೋಡಿದೆ. ಬಣ್ಣದ ಗೆರೆ ಎಳೆದು ಒಂದು ಸುತ್ತು ಹೋಗಿ ಬಂದೆ, ಗೆರೆ ನೇರವಾಗಿಯೇ ಇದೆ. ಹಬ್ ಅಲ್ಲ. ನ್ಯೂಟ್ರಲ್‌ನಲ್ಲಿ ಫ್ಯಾನು ಕೈಯಲ್ಲಿ ತಿರುಗಿಸಿದರೆ ಒಳಗಿನಿಂದ ಟಿಕ್ ಟಿಕ್ ಅಂತ ಕೇಳುತ್ತದೆ, ಕೈಗೂ ಗೊತ್ತಾಗುತ್ತದೆ. ರಿವರ್ಸ್‌ನಲ್ಲಿ ಹಿಡಿದ ಹಾಗೆ ಆಗುತ್ತದೆ, ಸ್ವಲ್ಪ ಜೋರು ಹಾಕಿದರೆ ಹಾರಿಬಿಡುತ್ತದೆ. ಕೇಬಲ್ ಕಳಚಿ ಲಿವರ್ ಕೈಯಿಂದ ಕೊನೆಯವರೆಗೆ ತಳ್ಳಿದೆ, ಆಗಲೂ ಹಾಗೆಯೇ. ಕೇಬಲ್ ಮಾತ್ರ ಬೆಣ್ಣೆ ಹಾಗೆ ಓಡಾಡುತ್ತದೆ.

ತದಡಿ ಮೆಕ್ಯಾನಿಕ್

ಸಿಕ್ಕಿತು ಬಿಡು. ಸಂಬಂಧ ಇದೆ ತಮ್ಮಾ, ತುಂಬಾ ಇದೆ. ಇಂಪೆಲ್ಲರ್ ಕೂತಿರುವುದು ಗೇರ್‌ಬಾಕ್ಸಿನ ತಲೆಯ ಮೇಲೆ. ಅದನ್ನು ತೆಗೆಯಬೇಕಾದರೆ ಕೆಳಗಿನ ಭಾಗ ಪೂರ್ತಿ ಇಳಿಸಬೇಕು, ಇಳಿಸಬೇಕಾದರೆ ಶಿಫ್ಟ್ ರಾಡ್ ಎರಡು ತುಂಡಾಗಿ ಬಿಡಿಸಿಕೊಳ್ಳಬೇಕು. ಮತ್ತೆ ಜೋಡಿಸುವಾಗ ಗೇರ್ ಯಾವ ಸ್ಥಾನದಲ್ಲಿ ಇರಬೇಕು ಅನ್ನುವುದು ಇಂಜಿನ್‌ನಿಂದ ಇಂಜಿನ್‌ಗೆ ಬೇರೆ, ಮ್ಯಾನುವಲ್ ನೋಡಿಯೇ ಮಾಡಬೇಕು. ಕೆಲವಕ್ಕೆ ಪಿನ್ ಇರುತ್ತದೆ, ಕೆಲವಕ್ಕೆ ಸ್ಪ್ಲೈನ್ (ಉದ್ದುದ್ದ ಹಲ್ಲು). ಕೆಲವಕ್ಕೆ ಮೇಲಿನ ರಾಡನ್ನೂ ಕೆಳಗಿನ ರಾಡನ್ನೂ ಒಂದು ಉದ್ದದ ನಟ್ ಸೇರಿಸುತ್ತದೆ, ಅದರ ಕೆಳಗೆ ಒಂದು ಲಾಕ್ ನಟ್. ನಿನ್ನದು ಹೀಗೆ ನಟ್ ಹಾಕುವ ಎಳೆ (ಥ್ರೆಡ್) ಇರುವ ಜಾತಿಯದ್ದು ಅಂತ ನನ್ನ ಅಂದಾಜು, ಯಾಕೆಂದರೆ ಮೊದಲ ವಾರ ಸರಿಯಿತ್ತು, ಆಮೇಲೆ ಕೆಡುತ್ತಾ ಬಂತು ಅಂದೆ. ಲಾಕ್ ನಟ್ ಬಿಗಿಯಾಗಿಲ್ಲದಿದ್ದರೆ ಇಂಜಿನ್ ನಡುಕಕ್ಕೆ ನಿಧಾನ ತಿರುಗಿಕೊಳ್ಳುತ್ತದೆ. ಟಾರ್ಚ್ ಹಾಕಿ ನೋಡು. ಸಾಧ್ಯವಾದರೆ ಫೋಟೋ ಹಾಕು.

ಅದಕ್ಕೆ ಕೈ ಹಾಕುವಾಗಲೇ ಗೇರ್ ಆಯಿಲ್ ಕೂಡ ಇಳಿಸು. ಮೇಸ್ತ್ರಿಯವರು ಹೇಳಿದ ಮಾತು ಸುಳ್ಳಲ್ಲ, ಇಷ್ಟು ದಿನ ತುದಿಯಲ್ಲಿ ಹಿಡಿದು ಹಾರಿದ್ದಕ್ಕೆ ಡಾಗ್‌ಗೆ ಪೆಟ್ಟು ಬಿದ್ದಿರಬಹುದು. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣ ಆಗಿದ್ದರೆ ಸೀಲ್ ಹೋಗಿ ನೀರು ಒಳಗೆ ಬಂದಿದೆ. ಡ್ರೇನ್ ಬೋಲ್ಟಿಗೆ ಅಯಸ್ಕಾಂತ ಇದ್ದರೆ ಅದಕ್ಕೆ ಏನು ಅಂಟಿದೆ ನೋಡು. ಬೂದು ಬಣ್ಣದ ನುಣ್ಣನೆಯ ಕೆಸರು ಇದ್ದರೆ ಹೆದರಬೇಡ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಮಾತ್ರ ಬಿಚ್ಚಬೇಕು.

ಕೋಡಿಬಾಗದವ

ಅಣ್ಣಾ, ನೀವು ಹೇಳಿದ್ದೇ!

ಮ್ಯಾನುವಲ್ ಪಿಡಿಎಫ್ ಹುಡುಕಿ ಮೊಬೈಲಿನಲ್ಲಿ ಇಟ್ಟುಕೊಂಡು ಕೂತೆ. ರಾಡ್ ಸೇರುವ ಜಾಗದಲ್ಲಿ ಉದ್ದದ ನಟ್ ಇದೆ. ಲಾಕ್ ನಟ್ ಸ್ಪ್ಯಾನರ್ ಹಾಕುವ ಮೊದಲೇ ಬೆರಳಲ್ಲಿ ತಿರುಗಿತು. ಬಟ್ಟೆಯಿಂದ ಒರೆಸಿ ನೋಡಿದರೆ ಕೆಳಗಿನ ರಾಡಿನ ಎಳೆಯ ಮೇಲೆಲ್ಲ ಬಿಳಿ ಉಪ್ಪು ಕೂತು ಮಂಕಾಗಿದೆ, ನಟ್‌ನ ಬಾಯಿಯ ಹತ್ತಿರ ಮಾತ್ರ ಮೂರು ಎಳೆ ಹೊಸದರ ಹಾಗೆ ಹೊಳೆಯುತ್ತಿವೆ. ಮೊದಲು ನಟ್ ಅಲ್ಲಿಯವರೆಗೆ ಕೂತಿತ್ತು, ಈಗ ಅಷ್ಟು ಹೊರಗೆ ಬಂದಿದೆ ಅಂತ ಅದನ್ನು ನೋಡಿದ ಕೂಡಲೇ ಗೊತ್ತಾಯಿತು. ಇನ್ನೂ ಬಿಟ್ಟಿದ್ದರೆ ಪೂರ್ತಿ ಕಳಚಿಕೊಳ್ಳುತ್ತಿತ್ತೋ ಏನೋ. ಅಪ್ಪ ನೋಡಿ ಸುಮ್ನೆ ನಿಂತರು, ಏನೂ ಮಾತಾಡಲಿಲ್ಲ.

ಆಯಿಲ್ ಇಳಿಸಿದೆ. ಕಪ್ಪಾಗಿದೆ, ಆದರೆ ಹಾಲಿನ ಹಾಗೆ ಇಲ್ಲ. ಅಯಸ್ಕಾಂತದ ಮೇಲೆ ಕಾಡಿಗೆ ತರಹ ಇತ್ತು, ಬೆರಳಲ್ಲಿ ಉಜ್ಜಿದೆ, ಚೂರು ಇಲ್ಲ. ಹೊಸ 90 ನಂಬರಿನ ಗೇರ್ ಆಯಿಲ್ ತಂದಿದ್ದೇನೆ. ಮೇಲಿನಿಂದ ಸುರಿದರೆ ಒಳಗೆ ಹೋಗುತ್ತಿಲ್ಲ, ಯಾಕೆ?

ಶರಾವತಿ ಅಳಿವೆ

ಮೇಲಿನಿಂದ ಸುರಿಯಬೇಡಿ, ಗಾಳಿ ಸಿಕ್ಕಿಕೊಳ್ಳುತ್ತದೆ. ಎರಡೂ ಬೋಲ್ಟ್ ತೆಗೆದು ಕೆಳಗಿನ ತೂತಿನಿಂದ ಪಂಪ್ ಅಥವಾ ಟ್ಯೂಬಿನಲ್ಲಿ ಒತ್ತಿ, ಮೇಲಿನ ತೂತಿನಿಂದ ಗುಳ್ಳೆ ಇಲ್ಲದೆ ಆಯಿಲ್ ಹೊರಗೆ ಬರುವವರೆಗೆ. ಆಮೇಲೆ ಮೊದಲು ಮೇಲಿನ ಬೋಲ್ಟ್ ಹಾಕಿ, ಆಮೇಲೆ ಟ್ಯೂಬ್ ತೆಗೆದು ಬೇಗ ಕೆಳಗಿನದು. ವಾಷರ್ ಎರಡೂ ಹೊಸದೇ ಹಾಕಿ, ಹಳೆಯದರ ಆಸೆಗೆ ಹೋದರೆ ನೀರು ಒಳಗೆ ಬರುತ್ತದೆ. 100 ಗಂಟೆಗೆ ಅಥವಾ 6 ತಿಂಗಳಿಗೆ ಒಮ್ಮೆ ಬದಲಿಸುತ್ತಿರಿ.

ತದಡಿ ಮೆಕ್ಯಾನಿಕ್

ಒಳ್ಳೆಯದಾಯಿತು. ಈಗ ಗೇರನ್ನು ನ್ಯೂಟ್ರಲ್‌ನಲ್ಲಿ ಇಟ್ಟು, ಇಂಜಿನ್ ಮೇಲಿನ ಲಿವರನ್ನೂ ನ್ಯೂಟ್ರಲ್‌ಗೆ ತಂದು, ಉದ್ದದ ನಟ್ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಬಾ. ಅರ್ಧ ಸುತ್ತು ತಿರುಗಿಸು, ಫ್ಯಾನು ನೋಡು, ಮತ್ತೆ ಅರ್ಧ ಸುತ್ತು. ಟಿಕ್ ಟಿಕ್ ನಿಂತು ಮುಂದೆ ಹಿಂದೆ ಎರಡೂ ಗಟ್ಟಿ ಹಿಡಿದ ಮೇಲೆ ಲಾಕ್ ನಟ್ ಬಿಗಿ ಮಾಡು. ಬಿಗಿ ಮಾಡುವಾಗ ಉದ್ದದ ನಟ್ ಜೊತೆಗೆ ತಿರುಗದ ಹಾಗೆ ಇನ್ನೊಂದು ಸ್ಪ್ಯಾನರ್‌ನಿಂದ ಹಿಡಿದುಕೋ. ಕೇಬಲ್ ಹಾಕಿದ ಮೇಲೆ ಎಲ್ಲ ಪರೀಕ್ಷೆ ಇನ್ನೊಂದು ಸಲ. ಪೇಂಟಿನಿಂದ ಎರಡು ನಟ್ ಮೇಲೂ ಸೇರಿಸಿ ಒಂದು ಗೆರೆ ಎಳೆದಿಡು, ಅಲ್ಲಾಡಿದರೆ ಕಣ್ಣಿಗೇ ಕಾಣುತ್ತದೆ.

ಮೊದಲ ಸಲ ಇಂಜಿನ್ ಹಾಕುವುದನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಮಾಡು. ಒಣಗಿದಾಗ ಹಾಕಿದರೆ ಜುಲೈನಲ್ಲಿ ಹಾಕಿಸಿದ ಇಂಪೆಲ್ಲರ್ ಅಲ್ಲೇ ಸುಟ್ಟುಹೋಗುತ್ತದೆ.

ಶಿರಸಿ ಬೈಕ್ ಮೇಸ್ತ್ರಿ

ತದಡಿಯವರೇ, ನಾನು ನ್ಯೂಟ್ರಲ್ ಮಾತು ಗಮನಿಸದೆ ಬರೆದೆ. ತಮ್ಮಾ, ನನ್ನ ಮಾತು ಕೇಳಿ ಬಿಚ್ಚದೇ ಇದ್ದದ್ದು ಒಳ್ಳೆಯದಾಯಿತು.

ಒಂದು ಕೇಳುತ್ತೇನೆ. ಗೇರ್ ಹಾಕುವಾಗ ಹೇಗೆ ಹಾಕುತ್ತೀಯಾ, ಮೆಲ್ಲಗೋ, ಒಮ್ಮೆಲೇನೋ? ಐಡ್ಲಿಂಗ್ ಎಷ್ಟು ಇಟ್ಟಿದ್ದೀಯಾ?

ಕೋಡಿಬಾಗದವ

ಮೆಲ್ಲಗೆ ಹಾಕುತ್ತೇನೆ ಮೇಸ್ತ್ರಿ. ಇಂಜಿನ್‌ಗೆ ನೋವಾಗದಿರಲಿ ಅಂತ. ಐಡ್ಲಿಂಗ್ ಮಳೆಯಲ್ಲಿ ಜಾಸ್ತಿ ಮಾಡಿದ್ದೆ, ಗೇರ್ ಹಾಕಿದಾಗ ಬಂದ್ ಬೀಳುತ್ತಿತ್ತು.

ತದಡಿ ಮೆಕ್ಯಾನಿಕ್

ಅದೇ ಡಾಗ್ ತಿನ್ನುವುದು! ಬೈಕಿಗೆ ಕೈ ಕ್ಲಚ್ ಇದೆ, ಇದಕ್ಕೆ ಇಲ್ಲ. ತಿರುಗುವ ಗೇರಿಗೆ ನಿಂತ ಡಾಗ್ ಹೋಗಿ ಸಿಕ್ಕಿಕೊಳ್ಳಬೇಕು. ಮೆಲ್ಲಗೆ ತಂದರೆ ಹಲ್ಲಿನ ಮೂಲೆ ಒಂದಕ್ಕೊಂದು ಬಡಿಯುತ್ತಾ ಬಡಿಯುತ್ತಾ ದುಂಡಗಾಗುತ್ತವೆ. ಎಕ್ಸಲೇಟರ್ ಪೂರ್ತಿ ಇಳಿಸು, ಇಂಜಿನ್ ಸದ್ದು ತಗ್ಗುವವರೆಗೆ ಕಾಯಿ, ಆಮೇಲೆ ಹಿಡಿಕೆಯನ್ನು ಒಂದೇ ಏಟಿಗೆ ಹಾಕು. ಟಕ್ ಅಂತ ಒಂದೇ ಸದ್ದು ಬರಬೇಕು. ಐಡ್ಲಿಂಗ್ ಮ್ಯಾನುವಲ್‌ನಲ್ಲಿ ಹೇಳಿದಷ್ಟಕ್ಕೆ ಇಳಿಸು. ಇಳಿಸಿದ ಮೇಲೆ ಬಂದ್ ಬಿದ್ದರೆ ಕಾರ್ಬೊರೇಟರ್ ಮತ್ತು ಪ್ಲಗ್ ಸ್ವಚ್ಛ ಮಾಡು, ಸ್ಕ್ರೂ ತಿರುಗಿಸಿ ಮುಚ್ಚಿಡಬೇಡ.

ಕೋಡಿಬಾಗದವ

ಇವತ್ತು ಬೆಳಿಗ್ಗೆ ನೀರಿಗೆ ಇಳಿಸಿದೆವು. ಉಬ್ಬರ ನಿಂತು ನೀರು ಅಲ್ಲಾಡದ ಹೊತ್ತು ನೋಡಿ, ಲಂಗರು, ಹುಟ್ಟು, ಜಲ್ಲೆ ಎಲ್ಲ ಇಟ್ಟುಕೊಂಡು ಕೋಡಿಬಾಗ ಸದಾಶಿವಗಡ ನಡುವೆ ನಾಲ್ಕು ಸುತ್ತು ಹೋದೆವು. ನ್ಯೂಟ್ರಲ್‌ನಲ್ಲಿ ದೋಣಿ ಜಾರುವುದಿಲ್ಲ, ನಿಲ್ಲುತ್ತದೆ. ರಿವರ್ಸ್ ಹತ್ತು ಸಲ ಹಾಕಿದೆ, ಹತ್ತು ಸಲವೂ ಟಕ್ ಅಂತ ಬಿತ್ತು. ಪ್ಲಗ್ ಹೊಸದು ಹಾಕಿ ಐಡ್ಲಿಂಗ್ ಇಳಿಸಿದ್ದೇನೆ, ಬಂದ್ ಬೀಳಲಿಲ್ಲ. ದಡಕ್ಕೆ ಬರುವಾಗ ಹಿಡಿಕೆ ಅಪ್ಪನ ಕೈಗೆ ಕೊಟ್ಟೆ, ಎಡಗೈಯಲ್ಲೇ ತಂದು ನಿಲ್ಲಿಸಿದರು.

ತದಡಿ ಅಣ್ಣ, ಲಾಕ್ ನಟ್ ಮತ್ತೆ ಯಾವಾಗ ನೋಡಲಿ?

ತದಡಿ ಮೆಕ್ಯಾನಿಕ್

ಹತ್ತು ಗಂಟೆ ಓಡಿದ ಮೇಲೆ ಒಮ್ಮೆ ನೋಡು. ಗೆರೆ ನೇರವಾಗಿ ಇದ್ದರೆ ಆಮೇಲೆ ಆಯಿಲ್ ಬದಲಿಸುವಾಗ ನೋಡಿದರೆ ಸಾಕು. ದಿನಾ ಬಂದ ಮೇಲೆ ಸಿಹಿ ನೀರಿನಲ್ಲಿ ಇಂಜಿನ್ ತೊಳೆದು, ಆ ಎಳೆಗೂ ಕೇಬಲ್ ತುದಿಗೂ ಒಂದು ಬೆರಳು ಗ್ರೀಸ್ ಹಚ್ಚು.

ಕೋಡಿಬಾಗದವ

ಸರಿ ಅಣ್ಣ. ಗ್ರೀಸ್ ಇವತ್ತೇ ತರುತ್ತೇನೆ, ನಾಳೆ ನಸುಕಿಗೆ ಬಲೆ ಇದೆ.