ಲಾನ್ ನೀರಾವರಿ ಆಡಿಟ್: ಕೊಡಗಿನ ಕೆಲಸಕ್ಕೆ ಯಾವ ತರಬೇತಿ, ಯಾವ ಸರ್ಟಿಫಿಕೇಟ್?

ಹಾರಂಗಿ ದಡ:
ಎಲ್ಲರಿಗೂ ನಮಸ್ಕಾರ. ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಪೈಪ್ ಎಳೆಯುವುದು, ಮೋಟರ್ ಕೂರಿಸುವುದು ಗೊತ್ತಿದೆ. ಈಗ ಮಡಿಕೇರಿ ಕಡೆಯ ರೆಸಾರ್ಟ್, ಹೋಂಸ್ಟೇಗಳವರು ಲಾನ್ ಕೆಲಸಕ್ಕೆ ಕರೆಯುತ್ತಾರೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಳ್ಳುವವರಾದ್ದರಿಂದ ಎಷ್ಟು ನೀರು ಉಳಿಯಿತು ಎಂಬ ಲೆಕ್ಕವೂ ಬೇಕಂತೆ. ಬಹಳ ಕಡೆ ಇಳಿಜಾರಿನ ಮೇಲ್ತುದಿಯಲ್ಲಿ ಹುಲ್ಲು ಒಣಗುತ್ತದೆ, ಕೆಳತುದಿಯಲ್ಲಿ ಪಾಚಿ ಕಟ್ಟುತ್ತದೆ. ಸಿಐಟಿ, ಸಿಎಲ್‌ಐಎ, ಕ್ಯೂವೆಲ್ ಎಂದೆಲ್ಲ ಹೆಸರು ಕೇಳಿದ್ದೇನೆ. ನಮ್ಮಂಥವರಿಗೆ ಇವುಗಳಲ್ಲಿ ಯಾವುದು ಪ್ರಯೋಜನ?

ತುಂತುರು:
ಸಿಐಟಿ, ಸಿಎಲ್‌ಐಎ ಎರಡೂ ಅಮೆರಿಕದ ಇರಿಗೇಶನ್ ಅಸೋಸಿಯೇಶನ್ ಕೊಡುವಂಥವು. ಸಿಐಟಿ ಜೋಡಣೆ ಮತ್ತು ರಿಪೇರಿ ಮಾಡುವವರಿಗೆ, ಸಿಐಡಿ ವಿನ್ಯಾಸ ಮಾಡುವವರಿಗೆ, ಸಿಎಲ್‌ಐಎ ಲ್ಯಾಂಡ್‌ಸ್ಕೇಪ್ ಆಡಿಟರಿಗೆ, ಅಂದರೆ ಲಾನಿಗೆ ನೀರು ಎಷ್ಟು, ಎಷ್ಟು ಸಮನಾಗಿ ಬೀಳುತ್ತದೆ ಅಂತ ಅಳೆಯುವವರಿಗೆ. ಕ್ಯೂವೆಲ್ ಕ್ಯಾಲಿಫೋರ್ನಿಯಾದ ಸೊನೋಮಾ ಭಾಗದಲ್ಲಿ ಶುರುವಾದ 20 ಗಂಟೆಯ ತರಬೇತಿ, ಕೊನೆಗೆ ಪರೀಕ್ಷೆ. ಅಲ್ಲಿನ ಲೆಕ್ಕವೆಲ್ಲ ಗ್ಯಾಲನ್, ಇಂಚು, ಒತ್ತಡದ ಅಳತೆಯಾದ ಪಿಎಸ್‌ಐಯಲ್ಲಿ. ಗ್ಯಾಲನ್ ಲೆಕ್ಕವನ್ನು ಇಂಚಿಗೆ ಬದಲಿಸಲು ಅದರಲ್ಲಿ ಬರುವ 96.25 ಎಂಬ ಗುಣಕ ನಮಗೆ ಬೇಕಿಲ್ಲ. ನಿಮಿಷಕ್ಕೆ ಎಷ್ಟು ಲೀಟರ್ ಎಂಬುದನ್ನು 60ರಿಂದ ಗುಣಿಸಿ, ಚದರ ಮೀಟರಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಮಿಲಿಮೀಟರ್ ಬೀಳುತ್ತದೆ ಅಂತ ಸಿಕ್ಕಿತು.

ನನ್ನ ಸಲಹೆ ಕೇಳಿದರೆ, ಮೊದಲು ಭಾರತೀಯ ಕೃಷಿ ಕೌಶಲ್ಯ ಮಂಡಳಿಯ ಮೈಕ್ರೋ ಇರಿಗೇಶನ್ ಟೆಕ್ನಿಷಿಯನ್ ಪ್ರಮಾಣಪತ್ರ ಮಾಡಿಕೊಳ್ಳಿ. ಪೈಪ್, ಫಿಲ್ಟರ್, ಪಂಪಿನ ಕೆಲಸಕ್ಕೆ ಈ ದೇಶದಲ್ಲಿ ಮಾನ್ಯತೆ ಇರುವುದು ಅದಕ್ಕೆ. ಆದರೆ ಅದು ಹೊಲ ತೋಟಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಪಠ್ಯ, ಲಾನ್ ಆಡಿಟ್ ಅದರಿಂದ ಬರುವುದಿಲ್ಲ. ಆಡಿಟ್ ಕೈಗೆ ಹತ್ತಿದ ಮೇಲೆ, ದೊಡ್ಡ ಹೋಟೆಲ್ ಸಮೂಹಗಳ ಕೆಲಸ ಬೇಕೆನಿಸಿದರೆ ಮಾತ್ರ ಸಿಎಲ್‌ಐಎಗೆ ದುಡ್ಡು ಹಾಕಿ. ಒಮ್ಮೆ ಪಾಸಾದರೆ ಮುಗಿಯಿತು ಅಂತಿಲ್ಲ, ಕಾಲಕಾಲಕ್ಕೆ ನವೀಕರಿಸಬೇಕು.

ಅಳತೆ ಡಬ್ಬಿ:
ಮೇಲಿನವರು ಹೇಳಿದ್ದು ಸರಿ. ಕಲಿಯಬೇಕಾದ್ದು ಆಡಿಟ್. ಅದಕ್ಕೆ ನೇರ ಅಂಚಿನ, ಒಂದೇ ಅಳತೆಯ 16 ಡಬ್ಬಿ, ಒಂದು ಪ್ರೆಶರ್ ಗೇಜ್, ಅಳತೆ ಜಾಡಿ ಸಾಕು. ಗಾಳಿ ಇಲ್ಲದ ಬೆಳಗಿನ ಹೊತ್ತಿನಲ್ಲಿ ಡಬ್ಬಿಗಳನ್ನು ಹೆಡ್‌ಗಳ (ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ತಲೆಗಳ) ಹತ್ತಿರ ಕೆಲವು, ಎರಡು ಹೆಡ್‌ಗಳ ನಡುವೆ ಕೆಲವು ಇಟ್ಟು 10 ನಿಮಿಷ ನೀರು ಬಿಡಿ.

ಡಬ್ಬಿಯ ಬಾಯಿ 100 ಚದರ ಸೆಂಟಿಮೀಟರ್ ಇದ್ದರೆ 10 ಮಿಲಿಲೀಟರ್ ಅಂದರೆ 1 ಮಿಮೀ. 16 ಡಬ್ಬಿಗಳ ಸರಾಸರಿ 40 ಮಿಲಿ ಬಂತು ಅಂದುಕೊಳ್ಳಿ, 10 ನಿಮಿಷಕ್ಕೆ 4 ಮಿಮೀ, ಗಂಟೆಗೆ 24. ತೀರಾ ಕಡಿಮೆ ಬಿದ್ದ 4 ಡಬ್ಬಿಗಳ ಸರಾಸರಿ 22 ಮಿಲಿ ಆದರೆ 22 ಭಾಗಿಸು 40, ಅಂದರೆ 0.55. ಇದೇ ಹಂಚಿಕೆಯ ಸಮತೆ. ಇಷ್ಟು ಕಮ್ಮಿ ಇದ್ದರೆ ಟೈಮರ್ ಮುಟ್ಟಬೇಡಿ, ಮೊದಲು ಹೆಡ್ ಸರಿಮಾಡಿ.

ಲಾನಿಗೆ ದಿನಕ್ಕೆ 2.7 ಮಿಮೀ ಬೇಕು, ಮೂರು ದಿನಕ್ಕೊಮ್ಮೆ ನೀರು ಅಂತಿಟ್ಟುಕೊಂಡರೆ 8.1 ಮಿಮೀ, ಸುಮಾರು 20 ನಿಮಿಷ. ಒಣ ಮೂಲೆಗೂ ತಲುಪಬೇಕಲ್ಲ, ಅದಕ್ಕೆ ಈ 20ನ್ನು (0.4 + 0.6 × ಸಮತೆ)ಯಿಂದ ಭಾಗಿಸಬೇಕು. 0.55ಕ್ಕೆ 28 ನಿಮಿಷ ಆಗುತ್ತದೆ, ಸಮತೆ 0.70ಕ್ಕೆ ಏರಿದರೆ 25 ಸಾಕು. 500 ಚದರ ಮೀಟರಿನ ಲಾನಿನಲ್ಲಿ ಆ 3 ನಿಮಿಷಕ್ಕೆ 600 ಲೀಟರ್, ಅದೂ ಪ್ರತಿ ಸಲ. ಮಾಲೀಕರಿಗೆ ತೋರಿಸಬೇಕಾದ ಲೆಕ್ಕ ಇದೇ.

ಸಮತೆ ಕೆಡಿಸುವುದರಲ್ಲಿ ಮೊದಲನೆಯದು ನಾಜಲ್ (ಹೆಡ್ಡಿನಲ್ಲಿ ನೀರು ಹೊರಬರುವ ಮೂತಿ) ಬೆರಕೆ. ಪೂರ್ತಿ ಸುತ್ತುವ ರೋಟರಿಗೂ (ತಿರುಗುತ್ತಾ ನೀರು ಚಿಮ್ಮುವ ಹೆಡ್) ಅರ್ಧ ಸುತ್ತುವುದಕ್ಕೂ ಒಂದೇ ನಾಜಲ್ ಹಾಕಿರುತ್ತಾರೆ. ಅರ್ಧದ ಜಾಗಕ್ಕೆ ಆಗ ಎರಡರಷ್ಟು ನೀರು ಬೀಳುತ್ತದೆ. ಇನ್ನು ಒತ್ತಡ: ತಿರುಗದ ಸ್ಪ್ರೇ ಹೆಡ್ಡಿಗೆ 30 ಪಿಎಸ್‌ಐ, ರೋಟರಿಗೆ 45ರ ಆಸುಪಾಸು. ಕಡಿಮೆಯಾದರೆ ಹೆಡ್ಡಿನ ಸುತ್ತ ಬಳೆಯಂತೆ ಬೀಳುತ್ತದೆ, ಹೆಚ್ಚಾದರೆ ಮಂಜಾಗಿ ಗಾಳಿಗೆ ಹೋಗುತ್ತದೆ.

ಹಾರಂಗಿ ದಡ:
ಬಹಳ ಉಪಕಾರ ಸರ್. ತೋಟಕ್ಕೆ ಹೂವಿಗೆ ಕೊಡುವಾಗ ಒಂದೇ ಸಲ ಒಂದು, ಒಂದೂವರೆ ಇಂಚು ಬಿಡುತ್ತೇವೆ. ಲಾನಿಗೂ ಹಾಗೆ ಬಿಟ್ಟರೆ ಆಗುವುದಿಲ್ಲವೇ? ಇಳಿಜಾರಿನ ವಿಷಯವನ್ನೂ ಸ್ವಲ್ಪ ಹೇಳಿ.

ಬರೆ ಮೇಲೆ:
ಆಗುವುದಿಲ್ಲ. ತೋಟದಲ್ಲಿ ತರಗೆಲೆ, ನೆರಳು, ಆಳದ ಬೇರು ಎಲ್ಲ ಇವೆ. ರೆಸಾರ್ಟ್ ಲಾನ್ ಸಾಮಾನ್ಯವಾಗಿ ಜೆಸಿಬಿಯಲ್ಲಿ ಬರೆ (ಗುಡ್ಡದ ಇಳಿಜಾರು) ಕಡಿದು ಮಟ್ಟ ಮಾಡಿದ ಜಾಗ, ಮೇಲ್ಮಣ್ಣು ಹೋಗಿ ಒತ್ತಿದ ಕೆಂಪು ಮಣ್ಣು ಉಳಿದಿರುತ್ತದೆ. ಒಂದು ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ನಾಲ್ಕು ಬೆರಳು ಇಳಿಯದಿದ್ದರೆ ನೀರೂ ಇಳಿಯುವುದಿಲ್ಲ. 28 ನಿಮಿಷವನ್ನು 7 ನಿಮಿಷದ ನಾಲ್ಕು ಕಂತು ಮಾಡಿ, ನಡುನಡುವೆ ಅರ್ಧ ಗಂಟೆಯಾದರೂ ಬಿಡುವು ಕೊಡಿ.

ಆದರೆ ಕಂತು ಮಾಡುವ ಮೊದಲು ಚೆಕ್ ವಾಲ್ವ್ (ನೀರು ನಿಲ್ಲಿಸಿದ ಮೇಲೆ ಹೆಡ್ಡಿನಿಂದ ಸೋರದಂತೆ ತಡೆಯುವುದು) ಇರುವ ಹೆಡ್ ಹಾಕಲೇಬೇಕು. ನೀವು ಹೇಳಿದ ಪಾಚಿಗೆ ಮುಖ್ಯ ಕಾರಣ ಇದರ ಕೊರತೆ. ಅದಿಲ್ಲದಿದ್ದರೆ ಸಾಲಿನ ವಾಲ್ವ್ ಮುಚ್ಚಿದ ಮೇಲೆ ಪೈಪಿನಲ್ಲಿದ್ದ ನೀರೆಲ್ಲ ಅತಿ ಕೆಳಗಿನ ಹೆಡ್ಡಿನಿಂದ ಸೋರಿಹೋಗುತ್ತದೆ. 40 ಎಂಎಂ ಪೈಪು 50 ಮೀಟರ್ ಇದ್ದರೆ ಸುಮಾರು 50 ಲೀಟರ್. ನಾಲ್ಕು ಕಂತಿಗೆ ನಾಲ್ಕು ಸಲ ಸೋರಿದರೆ 200. ಉಳಿಸಲು ಹೊರಟ ನೀರು ಅಲ್ಲೇ ಹೋಯಿತು!

ಪ್ರತಿ 10 ಮೀಟರ್ ಇಳಿತಕ್ಕೆ 1 ಬಾರ್, ಅಂದರೆ 14 ಪಿಎಸ್‌ಐಯಷ್ಟು ಒತ್ತಡ ಏರುತ್ತದೆ. ಆದ್ದರಿಂದ ಲ್ಯಾಟರಲ್‌ಗಳನ್ನು (ಹೆಡ್‌ಗಳಿರುವ ಕವಲು ಪೈಪುಗಳನ್ನು) ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯಲ್ಲಿ ಎಳೆಯಿರಿ. ಮೇಲಿನ ಸಾಲಿಗೆ ಒಂದು ವಾಲ್ವ್, ಕೆಳಗಿನ ಸಾಲಿಗೆ ಬೇರೆ. ಎರಡನ್ನೂ ಒಂದೇ ವಾಲ್ವಿಗೆ ಕಟ್ಟಿದರೆ ಮೇಲ್ತುದಿ ಒಣಗುವುದು ಖಂಡಿತ.

ಮಳೆ ಸೆನ್ಸರ್ ಮರೆಯಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಂಟ್ರೋಲರನ್ನೇ (ನೀರು ಬಿಡುವ ಟೈಮರ್) ಆಫ್ ಮಾಡಬಹುದು, ಸೆನ್ಸರಿನ ನಿಜವಾದ ಕೆಲಸ ಇರುವುದು ಮಾರ್ಚ್–ಏಪ್ರಿಲ್‌ನ ಬಿಡಿ ಮಳೆಗೆ, ಅಕ್ಟೋಬರಿಗೆ. ಸಿಲ್ವರ್ ಓಕ್ ಕೆಳಗೆ ಕೂರಿಸಿದರೆ ಮಳೆ ಬಂದಾಗ ಸರಿಯಾಗಿ ನೆನೆಯುವುದಿಲ್ಲ, ನಿಂತ ಮೇಲೆ ಮರದ ಹನಿ ಬಿದ್ದು ಬೇಗ ಒಣಗುವುದೂ ಇಲ್ಲ. ಬಯಲಿಗೆ ಹಾಕಿ.

ತುಂತುರು:
ಹೂಪಾತಿಗೆ ಸ್ಪ್ರೇ ಬೇಡ, ಡ್ರಿಪ್ ಹಾಕಿ. 16 ಎಂಎಂ ಇನ್‌ಲೈನ್ (ಪೈಪಿನೊಳಗೇ ಹನಿ ರಂಧ್ರ ಕೂರಿಸಿದ್ದು), ಪ್ರತಿ ರಂಧ್ರದಿಂದ ಗಂಟೆಗೆ 2 ಲೀಟರಿನದು, ಇಳಿಜಾರಿಗೆ ಪ್ರೆಶರ್ ಕಾಂಪೆನ್ಸೇಟಿಂಗ್ (ಒತ್ತಡ ಬದಲಾದರೂ ಒಂದೇ ಸಮ ಹನಿಸುವುದು) ಇರುವುದೇ ಆಗಬೇಕು. ಪೈಪಿನ ಮೇಲೆ ಭಾರತೀಯ ಮಾನಕ ಐಎಸ್ 13488ರ ಗುರುತು ನೋಡಿ ಕೊಳ್ಳಿ. 120 ಮೆಶ್ ಡಿಸ್ಕ್ ಫಿಲ್ಟರಿನ ಎರಡೂ ಕಡೆ ಗೇಜ್ ಇಟ್ಟು, ವ್ಯತ್ಯಾಸ 0.5 ಬಾರ್ ದಾಟಿದರೆ ತೊಳೆಯಿರಿ. ಬೋರ್‌ವೆಲ್ ನೀರಲ್ಲಿ ಕಬ್ಬಿಣದಂಶ ಇದ್ದರೆ ಫಿಲ್ಟರ್ ಒಂದರಿಂದಲೇ ಆಗುವುದಿಲ್ಲ. ನೀರನ್ನು ಮೇಲಿನಿಂದ ಟ್ಯಾಂಕಿಗೆ ಚಿಮ್ಮಿಸಿ ಗಾಳಿ ತಾಗಿಸಿ, ಕೆಂಪು ಗಸಿ ತಳಕ್ಕೆ ಇಳಿದ ಮೇಲೆ ಪಂಪಿಗೆ ಬಿಡಬೇಕು. ಫುಟ್‌ವಾಲ್ವ್ (ಪಂಪ್ ನೀರು ಎಳೆಯುವ ಪೈಪಿನ ತುದಿಯ ವಾಲ್ವ್) ಟ್ಯಾಂಕಿನ ತಳದಿಂದ ಒಂದಡಿ ಮೇಲಿರಲಿ.