ಗಂಡ ಹೆಂಡತಿ ಮತ್ತು ಮೆಲ್ಲಗಿನ ರಾಕ್

"ಹಾಡು ಯಾವಾಗ ಶುರುವಾಗುತ್ತೋ?" ಅಂತ ಗುಂಡಣ್ಣ ಕೇಳಿದಾಗ ಹಾಡು ಶುರುವಾಗಿ ಆಗಲೇ ಎರಡು ನಿಮಿಷ ಆಗಿತ್ತು.

ಸೀನನ ಮುಖ ಇಳಿದು ಹೋಯಿತು. ಅಮೆರಿಕದ ಜೆರ್ಸಿ ಸಿಟಿಯಲ್ಲಿ ಗುಂಡಣ್ಣನ ಮನೆಗೆ ಊಟಕ್ಕೆ ಬರುವಾಗ ಎಲ್ಲರೂ ಸ್ವೀಟ್ ತರುತ್ತಾರೆ, ಇವನು ಮಾತ್ರ ಎರಡು ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ) ಇರುವ ಒಂದು ರೆಕಾರ್ಡ್ ಹೊತ್ತು ತಂದಿದ್ದ. ಬ್ಯಾಂಡಿನ ಹೆಸರು ಯೊ ಲಾ ಟೆಂಗೊ. 2000ನೇ ಇಸವಿಯಲ್ಲಿ ಬಂದ ರೆಕಾರ್ಡ್, ಹೆಸರು 'ಆ್ಯಂಡ್ ದೆನ್ ನಥಿಂಗ್ ಟರ್ನ್ಡ್ ಇಟ್‌ಸೆಲ್ಫ್ ಇನ್‌ಸೈಡ್-ಔಟ್'.

"ಹೆಸರು ಹೇಳೋ ಅಷ್ಟೊತ್ತಿಗೆ ಒಂದು ಹಾಡು ಮುಗಿಯುತ್ತಲ್ಲೋ" ಅಂದರು ಗುಂಡಣ್ಣನ ಹೆಂಡತಿ ಜಯಕ್ಕ.

"ಇವರು ನಮ್ಮ ಪಕ್ಕದ ಊರಿನವರು ಜಯಕ್ಕ, ಇಲ್ಲೇ ಹೊಬೊಕೆನ್. 1984ರಲ್ಲಿ ಬ್ಯಾಂಡ್ ಕಟ್ಟಿದ್ದು."

"ಹೊಬೊಕೆನ್ ಅಂದ್ರೆ ಫ್ರಾಂಕ್ ಸಿನಾಟ್ರಾ ಕಣೋ. ಹುಟ್ಟಿದ ಊರು" ಅಂತ ಗುಂಡಣ್ಣ ತಕರಾರು ತೆಗೆದ. "ಆ ಮನುಷ್ಯ ಹಾಡಿದ್ರೆ ಹಿಂದಿನ ಬೆಂಚಿಗೂ ಕೇಳಿಸ್ತಿತ್ತು. ಇದು ನೋಡು, ದೇವರ ಮುಂದೆ ನಿಂತು ಮನಸ್ಸಲ್ಲೇ ಹರಕೆ ಹೇಳಿಕೊಂಡ ಹಾಗಿದೆ."

ಗುಂಡಣ್ಣನ ಹಿನ್ನೆಲೆ ಹೇಳಿಬಿಡಬೇಕು. 2011ರಲ್ಲಿ ಮೆಟಾಲಿಕಾ ಅನ್ನೋ ಅಬ್ಬರದ ರಾಕ್ ಬ್ಯಾಂಡ್ ಬೆಂಗಳೂರಿಗೆ ಬಂದಾಗ ಅರಮನೆ ಮೈದಾನದಲ್ಲಿ ನಿಂತು ಕೂಗಿದವನು ಅವನು, ಆಮೇಲೆ ಒಂದು ವಾರ ಆಫೀಸಿನಲ್ಲಿ ಕೈಸನ್ನೆಯಲ್ಲೇ ಕೆಲಸ ಮಾಡಿದವನು. ಅವನ ಪ್ರಕಾರ ರಾಕ್ ಅಂದರೆ ಕಿಟಕಿ ಗಾಜು ನಡುಗಬೇಕು. ನಡುಗದಿದ್ದರೆ ಅದು ಭಜನೆ.

"ಜೋರಾಗಿ ನುಡಿಸೋಕೆ ಬರೋಲ್ಲ ಪಾಪ, ಅದಕ್ಕೇ ಮೆಲ್ಲಗೆ" ಅಂದ.

ಸೀನ ಇಂಥ ಮಾತಿಗೇ ಕಾಯ್ತಾ ಇದ್ದ. "ಗುಂಡಣ್ಣ, ಅದೇ ತಪ್ಪು. ಈ ಬ್ಯಾಂಡಿನಲ್ಲಿ ಗಿಟಾರ್ ನುಡಿಸೋ ಇರಾ ಕಪ್ಲನ್ ಇದ್ದಾನಲ್ಲ, ಸ್ಟೇಜ್ ಮೇಲೆ ಗಿಟಾರನ್ನ ಆಂಪ್ಲಿಫೈಯರ್ ಮುಂದೆ ಹಿಡಿದು ಕಿರುಚಿಸ್ತಾನೆ, ಹಿಂಸೆ ಕೊಡ್ತಾನೆ ಅದಕ್ಕೆ. ಇದರ ಹಿಂದಿನ ರೆಕಾರ್ಡ್, 1997ರದ್ದು, ಅದರಲ್ಲೂ ಗಲಾಟೆ ಬೇಕಾದಷ್ಟಿದೆ. ಎಲ್ಲ ಬರುತ್ತೆ ಅವರಿಗೆ. ಬಂದೂ ಈ ಸಲ ಸುಮ್ನೆ ಇದ್ದಾರೆ."

ಇದು ನನಗೆ ಸರಿ ಅನಿಸಿತು. ಕೈ ಓಡದವನು ಮೆಲ್ಲಗೆ ನುಡಿಸುವುದು ಬೇರೆ, ಕೈ ಓಡುವವನು ತಡೆದುಕೊಂಡು ನುಡಿಸುವುದು ಬೇರೆ. ಮೊದಲನೆಯದನ್ನು ಕೇಳಿದರೆ ಆಕಳಿಕೆ ಬರುತ್ತದೆ. ಎರಡನೆಯದರಲ್ಲಿ ಈಗ ಏನೋ ಆಗುತ್ತೆ, ಈಗ ಏನೋ ಆಗುತ್ತೆ ಅಂತ ಕಾಯುತ್ತಾ ಕೂರುತ್ತೇವೆ, ಏನೂ ಆಗುವುದಿಲ್ಲ, ಆದರೂ ಎದ್ದು ಹೋಗುವುದಿಲ್ಲ. ಮೊದಲನೇ ಹಾಡೇ ನೋಡಿ. ಕೆಳಗೆ ಬೇಸ್ ಗುಂಯ್ ಅನ್ನುತ್ತಾ ಇರುತ್ತದೆ, ಡ್ರಮ್ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ, ಹಾಡುವವರು ಪಕ್ಕದ ರೂಮಿನಲ್ಲಿ ಮಗು ಮಲಗಿದೆ ಅನ್ನುವ ಎಚ್ಚರದಲ್ಲಿ ಹಾಡುತ್ತಾರೆ. ತಟ್ಟೆಯಲ್ಲಿ ಚಮಚ ಸದ್ದಾದರೂ ಒಂದು ಸಾಲು ಕೈತಪ್ಪುತ್ತದೆ. ಹಾಗಾಗಿ ಬಿಸಿಬೇಳೆಬಾತ್ ತಿನ್ನುತ್ತಿದ್ದ ನಾವೆಲ್ಲ ಗೊತ್ತಿಲ್ಲದೇ ಮೆಲ್ಲಗೆ ಅಗಿಯಲು ಶುರು ಮಾಡಿದ್ದೆವು. ಹಪ್ಪಳ ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ.

"ಹಾಡ್ತಿರೋ ಹುಡುಗಿ ಯಾರೋ?" ಅಂದರು ಜಯಕ್ಕ.

"ಜಾರ್ಜಿಯಾ ಹಬ್ಲಿ. ಡ್ರಮ್ ಬಾರಿಸೋದೂ ಅವರೇ. ಇರಾ ಅವರ ಗಂಡ. ಬೇಸ್ ನುಡಿಸೋ ಜೇಮ್ಸ್ ಮ್ಯಾಕ್‌ನ್ಯೂ ಮೂರನೆಯವರು."

"ಗಂಡ ಹೆಂಡತಿ ಮಧ್ಯೆ ಸಿಕ್ಕಿಹಾಕಿಕೊಂಡಿದ್ದಾನೆ ಪಾಪ" ಅಂತ ಗುಂಡಣ್ಣ ಮ್ಯಾಕ್‌ನ್ಯೂ ಪರವಾಗಿ ನಿಟ್ಟುಸಿರು ಬಿಟ್ಟ.

ಜಯಕ್ಕನಿಗೆ ವಿಷಯ ಅಲ್ಲಿಂದ ಸಿಕ್ಕಿತು. "ಅದಕ್ಕೇ ನೋಡಿ ಈ ದನಿ. ತಾನೇ ಬಾರಿಸಿಕೊಂಡು ತಾನೇ ಹಾಡೋವಳು ಯಾರ ಡ್ರಮ್ಮಿನ ಮೇಲೆ ಕಿರುಚಬೇಕು? ಎರಡೂ ತನ್ನದೇ. ಮನೇಲಿ ನೀವು ಟಿವಿ ಕಡಿಮೆ ಮಾಡಿದ್ರೆ ನಾನೂ ಹೀಗೇ ಮಾತಾಡ್ತೀನಿ."

ಎರಡನೇ ಹಾಡು ಬಂತು. 'ಅವರ್ ವೇ ಟು ಫಾಲ್'. ಇದರಲ್ಲಿ ಇರಾ, ತನ್ನವಳನ್ನು ಮೊದಲು ಮಾತಾಡಿಸಲು ಹೋದಾಗ ಮುಖ ಕೆಂಪಾಗಿದ್ದನ್ನು ನೆನಪಿಸಿಕೊಳ್ಳುತ್ತಾನೆ. ಅಷ್ಟೇ ವಿಷಯ. ಓಡಿಹೋಗುವುದಿಲ್ಲ, ವಿಷ ಕುಡಿಯುವುದಿಲ್ಲ, ಮಳೆಯೂ ಬರುವುದಿಲ್ಲ. ನನಗೆ ತಟ್ಟಿದ್ದು ಇದೇ. ಪ್ರೀತಿ ಶುರುವಾಗುವ ಹಾಡುಗಳು ಕೋಟಿ ಇವೆ, ಮುರಿದುಬೀಳುವ ಹಾಡುಗಳು ಅದಕ್ಕಿಂತ ಜಾಸ್ತಿ. ನಡುವೆ ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಇದ್ದುಕೊಂಡು ಹೋಗುವುದರ ಬಗ್ಗೆ ರಾಕ್‌ನವರು ಹಾಡುವುದು ಕಡಿಮೆ. ಹಾಡಿದರೂ ಕೂಗಿ ಹಾಡುವಂಥ ವಿಷಯ ಅಲ್ಲ ಅದು.

"ಇದನ್ನೇ ಅಲ್ವಾ ನಮ್ಮ ಕೆ.ಎಸ್.ನ. 1942ರಲ್ಲೇ ಮಾಡಿದ್ದು? 'ಮೈಸೂರ ಮಲ್ಲಿಗೆ' ತುಂಬಾ ಗಂಡ ಹೆಂಡತಿನೇ" ಅಂದೆ ನಾನು.

"ಅದು ಅರ್ಥ ಆಗುತ್ತೆ" ಅಂದ ಗುಂಡಣ್ಣ. "ಇದು ಕೇಳಿಸೋದೇ ಇಲ್ಲ." ಅಂದವನು ಎದ್ದು ಹೋಗಿ ವಾಲ್ಯೂಮ್ ಒಂದಿಷ್ಟು ತಿರುಗಿಸಿ ಬಂದ. ಇದನ್ನು ನೆನಪಿಟ್ಟುಕೊಳ್ಳಿ.

ಆರನೇ ಹಾಡು 'ದಿ ಕ್ರೈಯಿಂಗ್ ಆಫ್ ಲಾಟ್ ಜಿ'. ಇದು ನಿಜವಾದ ಜಗಳದ ಹಾಡು, ಆದರೆ ಜಗಳ ಆದಮೇಲಿನದು. ಅರ್ಧ ಹಾಡು, ಅರ್ಧ ಮಾತು. ನಾವು ಬರೀ ಜಗಳ ಆಡೋದೇ ಆಯ್ತು ಅಂತ ಹೆಂಡತಿ ಅನ್ನುತ್ತಾಳಂತೆ. ಗಂಡ ಅದಕ್ಕೆ, ಹಾಗೇನಿಲ್ಲಪ್ಪ ಅನಿಸುತ್ತೆ, ಗೊತ್ತಿಲ್ಲ, ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತಾನೆ.

ಸೀನ ಇದನ್ನು ವಿವರಿಸಬಾರದಿತ್ತು.

"ನೋಡಿದ್ರಾ ರೀ? ನಿಮ್ಮ ಡೈಲಾಗು" ಅಂದರು ಜಯಕ್ಕ.

"ನಾನು ಯಾವಾಗ ಹಾಗಂದೆ?"

"ಅನ್ನಲ್ಲ. ಅಂದುಕೊಳ್ತೀರಿ. ಅವನಾದ್ರೂ ಅದನ್ನ ಹಾಡಿ ಹೇಳ್ದ."

ಹತ್ತು ನಿಮಿಷ ರೆಕಾರ್ಡ್ ಯಾರಿಗೂ ಕೇಳಿಸಲಿಲ್ಲ. ಏಳನೇ ಹಾಡು ಬಂದಾಗ ಸೀನ ಮಾತು ಬದಲಿಸಿದ. ಅದು ಜಾರ್ಜ್ ಮಕ್ರೇ ಹಾಡಿದ್ದ ಹಳೆಯ ಡಿಸ್ಕೊ ಹಾಡು, 'ಯು ಕ್ಯಾನ್ ಹ್ಯಾವ್ ಇಟ್ ಆಲ್'. ಇವರು ಅದರಿಂದ ಡಿಸ್ಕೊ ತೆಗೆದು ಹಾಡನ್ನು ಉಳಿಸಿಕೊಂಡಿದ್ದಾರೆ. ಸ್ಟೇಜ್ ಮೇಲೆ ಜಾರ್ಜಿಯಾ ಇದನ್ನು ಗಂಭೀರವಾಗಿ ಹಾಡುತ್ತಿದ್ದರೆ ಇರಾ, ಜೇಮ್ಸ್ ಇಬ್ಬರೂ ಅಕ್ಕಪಕ್ಕ ನಿಂತು ಹೆಜ್ಜೆ ಕೂಡಿಸಿ ಕೈ ತಿರುಗಿಸಿ ಡ್ಯಾನ್ಸ್ ಮಾಡುತ್ತಾರೆ. ಮುಖದಲ್ಲಿ ನಗುವಿಲ್ಲ. ಗುಂಡಣ್ಣ ಫೋನಿನಲ್ಲಿ ಆ ವಿಡಿಯೊ ನೋಡಿ ಮೊದಲ ಸಲ ಮೆಚ್ಚಿದ. "ಹೆಂಡತಿ ಹಾಡುವಾಗ ಗಂಡ ಹಿಂದೆ ನಿಂತು ಕುಣಿಯೋದು, ಇದು ಮಾತ್ರ ಸತ್ಯ."

ಆಮೇಲೆ ಎಂಟನೆಯದು, ಅಳಬೇಡ ಅಂತ ಸಮಾಧಾನ ಮಾಡುವ ಹಾಡು, ಇನ್ನೂ ಮೆಲ್ಲಗೆ. ಗುಂಡಣ್ಣ ಇನ್ನೂ ಸ್ವಲ್ಪ ವಾಲ್ಯೂಮ್ ಏರಿಸಿದ. ಸೀನ ಬಾಯಿ ತುಂಬಾ ಮೊಸರನ್ನ ಇಟ್ಟುಕೊಂಡು ಬೇಡ ಬೇಡ ಅಂತ ಕೈ ಆಡಿಸುತ್ತಿದ್ದ, ಯಾರೂ ನೋಡಲಿಲ್ಲ.

ಒಂಬತ್ತನೇ ಹಾಡು 'ಚೆರಿ ಚ್ಯಾಪ್‌ಸ್ಟಿಕ್'. ಇಡೀ ರೆಕಾರ್ಡಿನಲ್ಲಿ ಗಿಟಾರನ್ನು ಬಿಚ್ಚಿ ಬಿಟ್ಟಿರುವುದು ಇದೊಂದರಲ್ಲೇ. ಎಂಟು ಹಾಡು ತಡೆದುಕೊಂಡಿದ್ದೆಲ್ಲ ಒಟ್ಟಿಗೆ ಬಂತು, ಅದೂ ಗುಂಡಣ್ಣ ಇಟ್ಟ ವಾಲ್ಯೂಮಿನಲ್ಲಿ. ಕಿಟಕಿ ಗಾಜು ನಡುಗಿತು. ಕೆಳಗಿನ ಮನೆಯವರು ಕೋಲಿನಿಂದ ಚಾವಣಿಗೆ ಕುಟ್ಟಿದರು. ಜಯಕ್ಕನ ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು.

ಗುಂಡಣ್ಣ ಮಾತ್ರ ಎದ್ದು ನಿಂತು ತಲೆ ಅಲ್ಲಾಡಿಸುತ್ತಿದ್ದ. "ಇದು! ಇದನ್ನ ಮೊದಲು ಹಾಕೋದು ಬಿಟ್ಟು!"

"ಮೊದಲು ಹಾಕಿದ್ರೆ ಇಷ್ಟು ಜೋರಾಗಿ ಕೇಳಿಸ್ತಾ ಇರಲಿಲ್ಲ" ಅಂದ ಸೀನ. ಇದಕ್ಕೆ ಗುಂಡಣ್ಣನ ಹತ್ತಿರ ಉತ್ತರ ಇರಲಿಲ್ಲ, ಅದೇ ಒಂದು ದೊಡ್ಡ ಸುದ್ದಿ.

ಕೊನೆಯ ಹಾಡು 'ನೈಟ್ ಫಾಲ್ಸ್ ಆನ್ ಹೊಬೊಕೆನ್' ಹದಿನೇಳು ನಿಮಿಷದ ಮೇಲಿದೆ. ಮಾತು ಬೇಗ ಮುಗಿಯುತ್ತದೆ, ವಾದ್ಯ ಹೋಗುತ್ತಲೇ ಇರುತ್ತದೆ. ನಿಜ ಹೇಳಬೇಕೆಂದರೆ ಇದು ಸ್ವಲ್ಪ ಜಾಸ್ತಿಯಾಯಿತು ಅಂತ ನನಗೂ ಅನಿಸುತ್ತದೆ, ಸೀನನ ಮುಂದೆ ಹೇಳಿಲ್ಲ ಅಷ್ಟೇ. ಅಷ್ಟರಲ್ಲಿ ಅವನು ಮ್ಯಾಕ್ಸ್‌ವೆಲ್ಸ್ ಕಥೆ ಶುರು ಮಾಡಿದ್ದ. ಹೊಬೊಕೆನ್‌ನಲ್ಲಿದ್ದ ಪುಟ್ಟ ಬಾರ್ ಅದು, ಹತ್ತಿರದ ಮ್ಯಾಕ್ಸ್‌ವೆಲ್ ಹೌಸ್ ಕಾಫಿ ಫ್ಯಾಕ್ಟರಿಯಿಂದ ಬಂದ ಹೆಸರು. 2001ರಿಂದ ಯಹೂದಿಗಳ ಹನುಕಾ ಹಬ್ಬದ ಎಂಟು ರಾತ್ರಿಗಳೂ ಇವರು ಅಲ್ಲಿ ನುಡಿಸುತ್ತಿದ್ದರು. 2013ರಲ್ಲಿ ಬಾರ್ ಮುಚ್ಚಿತು.

"ಕಾಫಿ ಹೆಸರಿಟ್ಟುಕೊಂಡು ಬಿಯರ್ ಮಾರಿದ್ರೆ ಇನ್ನೇನಾಗುತ್ತೆ" ಅಂದ ಗುಂಡಣ್ಣ. "ಲೋ ಸೀನ, ಆ ಒಂಬತ್ತನೇದು ವಾಟ್ಸ್ಯಾಪ್ ಮಾಡು. ಅದೊಂದೇ ಸಾಕು."

"ನಂಗೆ ಆರನೇದು ಕಳಿಸಪ್ಪ" ಅಂದರು ಜಯಕ್ಕ. "ಇವರ ಫೋನಿಗೆ ರಿಂಗ್‌ಟೋನ್ ಹಾಕಬೇಕು."